ಅಜ್ಜಿಯ ಅಪ್ಪಯ್ಯ ಮತ್ತು ಅಳುವ ಗ್ರೀಕ

ಇಂಗ್ಲಿಷರ ನಾಡಿನಲ್ಲಿ ನಾವಿದ್ದ ಟೂಟಿಂಗಿನ, ಜನ ದಾನ ಕೊಟ್ಟ ಹಳೆಯ ಸಾಮಾನು ಮಾರುವ ಚಾರಿಟಿ ಅಂಗಡಿಗಳಲ್ಲಿ ಹಳೆಯ ಉಣ್ಣೆಯ ಕೋಟುಗಳದ್ದೊಂದು ಮಂಕು ವಾಸನೆ ಇರುತ್ತದೆ. ಅದು ಮೂಗಿಗೆ ಬಡಿದರೆ ನನಗೆ ನಮ್ಮ ಹಳೆಯ ಫ್ಲ್ಯಾಟಿನ ಊಟದ ಕೋಣೆ ನೆನಪಾಗುತ್ತದೆ. ವಾಸನೆ ಯಾವುದಕ್ಕೂ ಪುರಾವೆಯಲ್ಲ, ಒಪ್ಪುತ್ತೇನೆ. ನಿಮ್ಮದೂ ಅಂಥದ್ದೊಂದು ಕೋಣೆ ಕಳೆದುಹೋಗಿದ್ದರೆ ಸ್ವಲ್ಪ ರಿಯಾಯಿತಿ ಕೊಡಿ. ಅಜ್ಜಿ ಕುಂದಾಪುರದವಳು. ಅವಳ ತಂದೆ ಒಂದೂ ಫೋಟೊ ತೆಗೆಸದೆ ತೀರಿಕೊಂಡಿದ್ದರು. ವರ್ಷಕ್ಕೊಮ್ಮೆ ಹಿರಿಯರಿಗೆ ಎಡೆ ಇಡುವ ದಿನ ಉಳಿದವರಿಗೆಲ್ಲ ಫೋಟೊ, ಅವರಿಗೆ ಬರಿಯ ಗೋಡೆ. ಒಮ್ಮೆ ಅಂಗಡಿಯಲ್ಲಿ, ಕೋಟುಗಳ ಹಿಂದೆ, ಅಜ್ಜಿಗೆ ಒಂದು ಅಚ್ಚುಚಿತ್ರ ಸಿಕ್ಕಿತು: ಕೈ ಹೆಣೆದುಕೊಂಡು, ಕಣ್ತುಂಬಿ ಕೂತ ಬಡಕಲು ಮುದುಕ. ಅಪ್ಪಯ್ಯನ ಅದೇ ಮೂಗು, ಅದೇ ಗಡ್ಡ ಅಂದಳು. ನನ್ನ ಅಪ್ಪ ನಗುತ್ತಲೇ ಆ ಬರಿಯ ಗೋಡೆಗೆ ಮೊಳೆ ಹೊಡೆದರು. ಅಂದಿನಿಂದ ಕಡುಬು, ಕೋಳಿ ಸಾರಿನ ಮೊದಲ ಎಲೆ ಅವನಿಗೆ. ಬಡಿಸುತ್ತಾ ಅಜ್ಜಿ ಅವನಿಗೆ ಊರಿನ ಸುದ್ದಿ ಹೇಳುವಳು, ನನ್ನ ಮೇಲೆ ಚಾಡಿಯನ್ನೂ.

ನನಗಾಗ ಹನ್ನೆರಡು. ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದ ಸೊಕ್ಕು ಬೇರೆ. ಶಾಲೆಯವರು ಚಿತ್ರಶಾಲೆಗೆ ಕರೆದೊಯ್ದರೆ, ಅಲ್ಲಿ ಚಿನ್ನದ ಚೌಕಟ್ಟಿನೊಳಗೆ ನಮ್ಮ ಮನೆಯ ಮುದುಕ! ಹೆರಾಕ್ಲಿಟಸ್, ಲೋಕದ ಪಾಡಿಗೆ ಅಳುವ ಗ್ರೀಕ್ ತತ್ವಜ್ಞಾನಿ. ಆ ವರ್ಷ ಎಡೆ ಇಟ್ಟ ಮೇಲೆ ನಾನು ಎದ್ದುನಿಂತು ಇಂಗ್ಲಿಷಿನಲ್ಲಿ ವಾದ ಹೂಡಿದೆ. ಅದನ್ನು ಅಜ್ಜಿಗೆ ಕನ್ನಡದಲ್ಲಿ ತಿಳಿಸಿ ಹೇಳಲು ಅಮ್ಮ ಒಪ್ಪಲಿಲ್ಲ. ನಾನೇ ತಡವರಿಸುತ್ತಾ ಹೇಳಿದೆ. ಇವನು ಗ್ರೀಕ, ನಿನ್ನ ಅಪ್ಪನಲ್ಲ, ಹಾಗಾದರೆ ಇಷ್ಟು ವರ್ಷ ಎಡೆ ಇಟ್ಟಿದ್ದು ಯಾರಿಗೆ? ಅಜ್ಜಿ ಚಿತ್ರ ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟಳು.

"ಅಪ್ಪಯ್ಯ ಅಲ್ಲ ಅಂತ ನಂಗೂ ಗೊತ್ತಿತ್ತ್, ಹೆಣ್ಣೇ. ಆರೆ ಇವನನ್ನೇ ಕಂಡ್ ಕಂಡ್ ಅಪ್ಪಯ್ಯನ ಮೋರೆ ಮರ್ತೇ ಹೋಯ್ತ್. ಇನ್ ಯಾರನ್ ಕಾಂಬುದ್?"

ಅಪ್ಪನಲ್ಲ ಅಂತ ಅವಳೇ ಒಪ್ಪಿಕೊಂಡಳಲ್ಲ! ಅದನ್ನು ನಾನು ಗೆಲುವು ಎಂದೇ ಎಣಿಸಿದೆ.

ಆಮೇಲೆ ಯುರೋಪಿನ ಎಷ್ಟೋ ಹೆರಾಕ್ಲಿಟಸ್‌ಗಳನ್ನು ನೋಡಿದ್ದೇನೆ. ಒಬ್ಬನ ಮೂಗು ಇನ್ನೊಬ್ಬನಿಗಿಲ್ಲ. ಚಿತ್ರ ಬರೆದವರಾರೂ ಅವನನ್ನು ಕಂಡವರಲ್ಲ. ಅವನು ಸತ್ತು ಎರಡು ಸಾವಿರ ವರ್ಷದ ಮೇಲೆ, ಕೈಗೆ ಸಿಕ್ಕ ಮುದುಕನನ್ನು ಕೂರಿಸಿಕೊಂಡು ಬರೆದು, ಇವನೇ ಅವನು ಅಂದರು. ಅವರನ್ನು ಯಾರೂ ಎದ್ದುನಿಂತು ಕೇಳಲಿಲ್ಲ. ಅಜ್ಜಿ ಮಾಡಿದ್ದೂ ಅಷ್ಟೇ, ಅವಳಾದರೂ ತಂದೆಯನ್ನು ಕಂಡಿದ್ದಳು. ಅವಳ ಪರವಾದ ಈ ವಾದ ನನಗೆ ಹೊಳೆಯುವಷ್ಟರಲ್ಲಿ ಅವಳಿರಲಿಲ್ಲ, ಫ್ಲ್ಯಾಟಿನಲ್ಲಿ ಬೇರೆಯವರಿದ್ದರು. ಕುಂದಾಪುರದ ಆ ಮನುಷ್ಯ ಹೇಗಿದ್ದರೆಂದು ಬಲ್ಲವರು ಈಗ ಒಬ್ಬರೂ ಇಲ್ಲ.