ಹೊಲದ ಖಾಲಿ ಮೂಲೆ

ಕಾಡಂಚಿನ ಹೂಗ್ಯಂ ಊರಿನ ಚನ್ನಬಸಪ್ಪ, ಹೆಂಡತಿ ಪುಟ್ಟಗೌರಮ್ಮ ತೀರಿಕೊಂಡಾಗ ಅಳಲಿಲ್ಲ. ಅವರ ಜನದ ಪದ್ಧತಿಯಂತೆ ಸ್ವಂತ ಹೊಲದ ಮೂಲೆಯಲ್ಲೇ ಗುಂಡಿ ತೆಗೆದು, ಆಕೆಯನ್ನು ಕೂರಿಸಿ, ಉಪ್ಪು ವಿಭೂತಿ ಸುರಿದರು. ಒಂದು ಹಿಡಿ ಮಣ್ಣು ಹಾಕು ಅಂದರು, ಹಾಕಿ ಪಕ್ಕಕ್ಕೆ ನಿಂತ. ಮಿಕ್ಕಿದ್ದನ್ನು ಊರವರೇ ಮುಚ್ಚಿದರು. ಅಂದಿನಿಂದ ಉಣ್ಣು ಅಂದರೆ ಉಣ್ಣುತ್ತಾನೆ, ಏಳು ಅಂದರೆ ಏಳುತ್ತಾನೆ. ಕಲ್ಲುಮನಸ್ಸಿನವನು ಎಂದು ಆಡಿಕೊಂಡವರಿಗೇನು, ನಾಲಗೆಗೆ ಎಲುಬಿಲ್ಲ. ಮಳೆಗೆ ಮಣ್ಣಿನ ದಿಬ್ಬ ಕರಗಿ ನೆಲ ಸಮವಾಯಿತು. ಒಂದು ಕಲ್ಲು ನೆಡಿಸು ಎಂದು ಎಲ್ಲರೂ ಹೇಳಿದರು. ಅವನು ಹೂಂ ಅಂದ, ನೆಡಿಸಲಿಲ್ಲ.

ರಾಗಿ ಕೊಯ್ಲಾದ ಮೇಲೆ ಮಣ್ಣು ಪರೀಕ್ಷೆಯವರು ಜೀಪಿನಲ್ಲಿ ಅವನ ಹೊಲಕ್ಕೆ ಬಂದರು. ಕರೆಂಟಿನ ಗಾಡಿಯ ಮೋಟಾರಿನೊಳಗೆ ಬಲವಾದ ಅಯಸ್ಕಾಂತ ಇರುತ್ತದಂತೆ. ಅದಕ್ಕೆ ಬೇಕಾದ ಅಪರೂಪದ ಖನಿಜ ಈ ಕಾಡಂಚಿನಲ್ಲಿ ಇದೆಯೋ ಎಂದು ಹುಡುಕುವವರು. ಜೊತೆಯಲ್ಲಿದ್ದ ಮೈಸೂರಿನ ಹುಡುಗಿ ದೀಪಶ್ರೀಯ ಕೆಲಸವೇ ಬೇರೆ. ಖನಿಜ ಅಗೆದಾಗಿನಿಂದ ಮೋಟಾರು ಗುಜರಿಗೆ ಬೀಳುವವರೆಗೆ ನೀರೆಷ್ಟು, ಮರವೆಷ್ಟು, ನೆಲವೆಷ್ಟು ಹಾಳಾಗುತ್ತದೆ ಎಂದು ಲೆಕ್ಕ ಹಾಕುವವಳು ಅವಳು. ಚನ್ನಬಸಪ್ಪನನ್ನೇ ಮಣ್ಣಿನ ಚೀಲ ಹಿಡಿಯುವ ಕೂಲಿಗೆ ಕರೆದರು. ಬಂದ.

“ಯಜಮಾನ್ರೇ, ಈ ಹೊಲದಲ್ಲಿ ಏನೇನಿದೆ? ಅಗೆದರೆ ನಿಮಗೆ ಏನೇನು ಹೋಗುತ್ತೆ?” ದೀಪಶ್ರೀ ಕೇಳಿದಳು.

“ಎಲ್ಡು ಉಣಸೆ ಮರ ಅವೆ. ಬಾವಿ ಅದೆ, ನೀರು ಕಮ್ಮಿ. ರಾಗಿ ಆಕ್ತೀವಿ, ಆನೆ ತಿಂದು ಬುಟ್ಟಿದ್ದು ನಮ್ದು.”

“ಆ ಮೂಲೆ ಖಾಲಿ ಇದೆಯಲ್ಲ?”

ಅವನು ಆ ಕಡೆ ನೋಡಿದ. ಹೇಳಬೇಕೆಂದು ಬಾಯಿ ತೆರೆದ.

“ಅಲ್ಲೇನೂ ಬೆಳ್ಯಾಕಿಲ್ಲ ಕಣವ್ವಾ.”

ಅಯ್ಯೋ ಪುಣ್ಯಾತ್ಮ! ಇನ್ನೊಂದು ಮಾತು ಆಡಿಬಿಡಬಾರದಿತ್ತೇ? ಆದರೆ ಆ ಮಾತನ್ನು ಅವನು ಇದುವರೆಗೆ ಯಾರ ಮುಂದೆಯೂ ಆಡಿರಲಿಲ್ಲ, ತನ್ನ ಮುಂದೆಯೂ. ನಷ್ಟವೇನೂ ಇಲ್ಲದ ಜಾಗ ಅದೇ ಎಂದು ದೀಪಶ್ರೀ ಅಲ್ಲಿ ಅಗೆಯಲು ಒಪ್ಪಿದಳು. ಕೊಳ್ಳೇಗಾಲದಿಂದ ಬಂದಿದ್ದ ಆಳು ಮಾದಸ್ವಾಮಿ ಗುದ್ದಲಿ ಎತ್ತಿದ. ಚನ್ನಬಸಪ್ಪ ಚೀಲದ ಬಾಯಿ ಅಗಲಿಸಿ ಹಿಡಿದು ನಿಂತ. ಅವನ ಮನಸ್ಸಿನೊಳಗೆ ಏನೂ ಆಗಲಿಲ್ಲ. ಮಂಡಿಯುದ್ದ ಅಗೆಯುವ ಹೊತ್ತಿಗೆ ಮಣ್ಣಿನಲ್ಲಿ ಬಿಳಿ ಹೆಂಟೆ ಕಾಣಿಸಿತು.

“ನಿಲ್ಲಿಸಿ!” ದೀಪಶ್ರೀ ಹಿಗ್ಗಿನಿಂದ ಬಗ್ಗಿ ಒಂದು ಹೆಂಟೆ ಎತ್ತಿಕೊಂಡಳು. “ಇದು ಯಾವ ಖನಿಜ? ಬೇರೆಲ್ಲೂ ಸಿಗಲಿಲ್ಲ.”

ಅವಳ ಬೆರಳುಗಳ ನಡುವೆ ಅದು ಪುಡಿಯಾಯಿತು.

“ಮಡಗ್ಬುಡು ತಾಯಿ,” ಎಂದ ಚನ್ನಬಸಪ್ಪ. “ಅದು ಈಬೂತಿ. ನಮ್ಮೆಂಗ್ಸು ಅಲ್ಲೇ ಅವ್ಳೆ.”

ಮಾದಸ್ವಾಮಿ ಗುದ್ದಲಿ ಎಸೆದು ಚಪ್ಪಲಿ ಬಿಟ್ಟು ಹಿಂದೆ ಸರಿದ. ದೀಪಶ್ರೀಯ ಮುಖ ಬಿಳಿಚಿಕೊಂಡಿತು. “ಯಾಕೆ ಮೊದಲೇ ಹೇಳಲಿಲ್ಲ ನೀವು? ನಾನು ಕೇಳಿದೆನಲ್ಲ...” ಎಂದಳು.

ಚನ್ನಬಸಪ್ಪ ಚೀಲವನ್ನು ಗುಂಡಿಗೆ ಸುರಿದು ಕೊಡವಿದ. ಮಂಡಿಯೂರಿ ಎರಡೂ ಕೈಯಲ್ಲಿ ಮಣ್ಣು ಬಾಚತೊಡಗಿದ. ಮಾದಸ್ವಾಮಿ ಸಹಾಯಕ್ಕೆ ಬಗ್ಗಿದಾಗ ಮೊಣಕೈಯಿಂದ ಅವನನ್ನು ಆಚೆ ತಳ್ಳಿದ.

“ಅವತ್ತು ಊರೋರು ಮುಚ್ಚುದ್ರು,” ಎಂದ. “ನಾನು ಸುಮ್ಕೆ ನಿಂತಿದ್ದೆ ಕಣಪ್ಪಾ. ಸುಮ್ಕೆ ನಿಂತಿದ್ದೆ.”