ಶಿವಮ್ಮ ಮೇಡಂ ಮತ್ತು ನಾನು ಅಳಿಸಿದ ಡಿಸ್ಕು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಎಂಟು ತಿಂಗಳ ದುಡಿಮೆ ತುಂಬಿದ್ದ ಡಿಸ್ಕನ್ನು ಖಾಲಿಯೆಂದು ತಿಳಿದು, ಶಿವಮ್ಮ ಮೇಡಂ ದನಿಯನ್ನೇ ಅಣಕಿಸುತ್ತ ಯಾವ ಭಾಗ ಎಲ್ಲಿದೆಯೆಂದು ಹೇಳುವ ಅದರ ಭಾಗಪಟ್ಟಿಯನ್ನು ಅಳಿಸಿದವನು ನಾನು. ಅಣಕಕ್ಕೆ ಪಕ್ಕದ ಮೇಜಿನ ಇಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಬಿಡದಿಯ ಕಾರ್ಖಾನೆಗಳ ನಡುವೆ, ಬ್ರೇಕುಗಳ ಪರೀಕ್ಷೆಗೆ ತಂತ್ರಾಂಶ ಬರೆಯುವ ಸಣ್ಣ ಕಚೇರಿ ನಮ್ಮದು. ಅಲ್ಲಿನ ಕಂಪ್ಯೂಟರುಗಳೆಲ್ಲ ಶಿವಮ್ಮನವರ ವಶ. ಗುಡೇಮಾರನಹಳ್ಳಿಯ ಕುರಿ ಸಾಕುವ ಮನೆಯ ಮಗಳು. ತೆರೆಯ ಮೇಲಿನ ಪ್ರತಿ ಸಾಲನ್ನೂ ಬಾಯಿಬಿಟ್ಟು ಓದದೆ ಎಂಟರ್ ಒತ್ತಿದವರಲ್ಲ. ಕನ್ನಡಕ ಮೂಗಿನ ತುದಿಗೆ, ಬೆರಳು ತೆರೆಗೆ: "ಇದ್ಯಾವ ಡಿಸ್ಕು? ಎಷ್ಟು ದೊಡ್ದು? ಯಾರ್ದು?" ಸಂತೆಯಲ್ಲಿ ಟಗರಿನ ಹಲ್ಲು ನೋಡುವವರ ಹಾಗೆ. ಊಟದ ಹೊತ್ತಿಗೆ ನಾನಿದನ್ನು ಅಭಿನಯಿಸುತ್ತಿದ್ದೆ. ಒಮ್ಮೆ ಬಾಗಿಲಲ್ಲಿ ನಿಂತು ನೋಡಿದ ಮೇಡಂ, "ಕನ್ನಡಕ ಇನ್ನೊಸಿ ಕೆಳಿಕ್ಕೆ ಬರ್ಬೇಕು ಕಣಪ್ಪಾ" ಎಂದು ತಿದ್ದಿ ಹೋದರು.

ಡಿಸ್ಕನ್ನು ಭಾಗ ಮಾಡುವ ವಿಷಯದಲ್ಲಿ ಮಾತ್ರ ನಮಗೆ ಜಗಳ. ಕಾಲೇಜಿನಲ್ಲಿ ಕಲಿತ ಎಂಬಿಆರ್ ಎಂಬ ಹಳೆಯ ಪದ್ಧತಿ ನನ್ನದು. ನನಗಿಂತ ಇಪ್ಪತ್ತು ವರ್ಷ ಹಿರಿಯರಾದ ಅವರದು ಜಿಪಿಟಿ ಎಂಬ ಹೊಸ ಪದ್ಧತಿ.

"ಹಳೇದ್ರಲ್ಲಿ ಏನು ಕೊರತೆ ಮೇಡಂ?"

"ನಾಕು ಭಾಗ ಆದ್ಮೇಲೆ ಒಂದ್ರ ಹೊಟ್ಟೇಲಿ ಇನ್ನೊಂದು ತುರುಕ್ಬೇಕು. ಎರಡು ಟೆರಾಬೈಟ್ ದಾಟಿದ್ರೆ ಅದ್ಕೆ ಎಣಿಸಾಕೇ ಬರಾಕಿಲ್ಲ. ಅದೂ ಹೋಗ್ಲಿ, ಪಟ್ಟಿ ಇರೋದು ಡಿಸ್ಕಿನ ತಲೇಲಿ ಒಂದೇ ಕಡೆ. ಮಂದೆ ಮುಂದೆ ಒಬ್ನೇ ನಡೆದ್ರೆ ಹಿಂದಿನ್ ಕುರಿ ಏನಾದ್ವು ಅಂತ ಯಾರ್ನ ಕೇಳ್ತೀಯ? ಜಿಪಿಟೀಲಿ ಬಾಲದಾಗೂ ಒಬ್ಬ ಅವ್ನೆ, ಅದೇ ಪಟ್ಟಿ ಇಟ್ಕಂಡು."

ಅಂದು ಮಧ್ಯಾಹ್ನ ಎರಡಕ್ಕೆ ಗಿರಾಕಿ ಕಂಪನಿಯವರು ಬರುವವರಿದ್ದರು. ಅವರು ನೋಡಬೇಕಿದ್ದ ಎಂಟು ತಿಂಗಳ ಬ್ರೇಕಿನ ಅಳತೆಗಳು ಒಂದು ಡಿಸ್ಕುಪೆಟ್ಟಿಗೆಯಲ್ಲಿದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ. ಪ್ರತಿ ಮಾಡಲೆಂದೇ ಮೇಡಂ ಹೊಸ ಪೆಟ್ಟಿಗೆ ತರಿಸಿ, ಎರಡನ್ನೂ ಒಂದೇ ಯಂತ್ರಕ್ಕೆ ಜೋಡಿಸಿ, "ಹೊಸದನ್ನ ಸಿದ್ಧ ಮಾಡು" ಎಂದು ಊಟಕ್ಕೆ ಹೋದರು.

ನಾನು ಡಿಸ್ಕು ಭಾಗ ಮಾಡುವ ಹಳೆಯ ತಂತ್ರಾಂಶ ಎಫ್‌ಡಿಸ್ಕ್ ತೆರೆದೆ. ಅದಕ್ಕೆ ಜಿಪಿಟಿ ಗೊತ್ತಿಲ್ಲ. ಮೊದಲ ಪೆಟ್ಟಿಗೆಯಲ್ಲಿ ಉದ್ದಕ್ಕೂ 'ಇಇ' ಎಂಬ ವಿಚಿತ್ರ ಭಾಗ ಒಂದೇ ಕಂಡಿತು. ಇದೇ ಹೊಸ ಪೆಟ್ಟಿಗೆ, ಅಂಗಡಿಯಿಂದ ಬಂದ ಕಸವಿರಬೇಕೆಂದು, "ಇದ್ಯಾವ ಡಿಸ್ಕು? ಯಾರ್ದು?" ಎನ್ನುತ್ತ ಅಳಿಸಿ, ಹೊಸ ಭಾಗ ಬರೆದೆ. ಮುಂದಿನ ಸಾಲು ಫಾರ್ಮ್ಯಾಟ್. ಬೆರಳು ಎಂಟರ್ ಮೇಲಿತ್ತು.

ಮಣಿಕಟ್ಟನ್ನು ಯಾರೋ ಹಿಡಿದರು. ಮುದ್ದೆಯ ಹಸಿ ಇನ್ನೂ ಆರದ ಕೈ.

"ಕೈ ತೆಗಿ. ಅದು ಅಳತೇದು."

ಗಡಿಯಾರ ಒಂದೂಮುಕ್ಕಾಲು. ಮೇಡಂ ಬೈಯಲಿಲ್ಲ, ಬೈದಿದ್ದರೆ ಉಸಿರಾಡುತ್ತಿದ್ದೆ. ಬೇರೊಂದು ತಂತ್ರಾಂಶ ತೆರೆದರು. ಜಿಪಿಟಿಯ ಗುರುತು ಕಾಣುತ್ತಿದೆ, ಅದರ ಮುಂಭಾಗದ ಪಟ್ಟಿ ಮಾತ್ರ ಹೊಂದುತ್ತಿಲ್ಲ, ಇದು ಜಿಪಿಟಿಯೇ ಎಂದು ಅದು ಕೇಳಿತು. ಎರಡೇ ಆಯ್ಕೆ: ಹೌದು, ಇಲ್ಲ. ಮೇಡಂ ಪ್ರತಿ ಪದ ಓದಿದರು. ಆ ಓದು ಎಷ್ಟು ನಿಧಾನವೆಂದು ನನಗೆ ಆ ದಿನವೇ ಗೊತ್ತಾದದ್ದು.

ಹೌದು ಒತ್ತಿದರು. ಮೂರು ಭಾಗಗಳೂ ಹೆಸರು ಸಮೇತ ಎದ್ದು ಬಂದವು. ಮೊದಲ ಕಡತ ತೆರೆಯಿತು.

"ನೀನು ಒಡೆದ 'ಇಇ' ಬರೀ ಬೆದರುಗೊಂಬೆ ಕಣ್ಲಾ. ಹಳೇ ತಂತ್ರಾಂಶಗಳು ಖಾಲಿ ಹೊಲ ಅಂತ ನುಗ್ದೇ ಇರ್ಲಿ ಅಂತ ನಿಲ್ಸಿರೋದು. ಅಸಲಿ ಪಟ್ಟಿ ಅದ್ರ ಬೆನ್ನಿಗೈತೆ. ಫಾರ್ಮ್ಯಾಟ್ ಒತ್ತಿದ್ರೆ ಮಾತ್ರ ಹೊಲಾನೇ ಉತ್ಬುಡ್ತಿದ್ದೆ. ಹೋಗು, ಮುಖ ತೊಳ್ಕಾ."

ಮರುವರ್ಷ ಅವರು ಹಾರೋಹಳ್ಳಿಯ ಹೊಸ ಕಾರ್ಖಾನೆಗೆ ಹೊರಟರು. ಮತ್ತೆ ಭೇಟಿಯಾಗಲಿಲ್ಲ. ಬೀಳ್ಕೊಡುಗೆಯಲ್ಲಿ ನಾನೆದ್ದು, ಸುಮ್ಮನಿರಲಾಗದೆ, "ಅವತ್ತು ನಾನು ಅಳಿಸದಿದ್ದರೆ ಮೇಡಂ ಇಷ್ಟು ಬುದ್ಧಿವಂತರೆಂದು ನಿಮಗಾರಿಗೂ ಗೊತ್ತಾಗುತ್ತಿರಲಿಲ್ಲ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಶಿವಮ್ಮನವರು ಕೂತಲ್ಲಿಂದಲೇ ಹೇಳಿದರು:

"ಬಣವೆಗೆ ಬೆಂಕಿ ಇಕ್ಕಿದೋನು, ನೀರು ಹೊತ್ತೋಳ್ಗೆ ಹೆಸ್ರು ತಂದ್ಕೊಟ್ಟೆ ಅಂತವ್ನೆ. ಕೂತ್ಕಳ್ಲಾ ಸುಮ್ನೆ."