ಅಪ್ಪಯ್ಯ ಸಹಿ ಹಾಕದ ನಕ್ಷೆ

ಅಪ್ಪಯ್ಯನ ಇಂಜಿನಿಯರ್ ಲೈಸೆನ್ಸು ಕಳೆದ ವರ್ಷ ಮತ್ತೆ ನವೀಕರಣವಾಯಿತು. ಫೋಟೊ ಕೇಳಿದರು, ಶುಲ್ಕ ಕೇಳಿದರು. ಬೆಳಗಿನ ಮಾತ್ರೆ ನುಂಗಿದ್ದು ಮರೆತು ಇನ್ನೊಮ್ಮೆ ನುಂಗಲು ಹೊರಡುವ ಮನುಷ್ಯ ಒಂದು ಕಟ್ಟಡದ ಹೊಣೆ ಹೊರಬಲ್ಲರೇ ಎಂದು ಮಾತ್ರ ಯಾರೂ ಕೇಳಲಿಲ್ಲ. ಶಿರಸಿಯ ನಮ್ಮ ಕಚೇರಿಯ ಗೋಡೆಯ ಮೇಲೆ ಅವರ ಪ್ರಮಾಣಪತ್ರದ ಪಕ್ಕದಲ್ಲೇ ನನ್ನದೂ ಇದೆ. ಆದರೂ ಬಂದವರೆಲ್ಲ "ಸಾಹೇಬ್ರು ಇದ್ದಾರಾ?" ಎಂದೇ ಕೇಳುವುದು. ನಾನೇನು ಇಲ್ಲಿ ಚಹಾ ಕೊಡಲು ಕುಳಿತವಳೇ ಎಂದು ಮೈ ಉರಿಯುತ್ತಿತ್ತು.

ಬನವಾಸಿಯವರೊಬ್ಬರು ಯಲ್ಲಾಪುರದ ಹತ್ತಿರ ಗುಡ್ಡ ಕಡಿದು ಮನೆ ಕಟ್ಟಿಸುವವರಿದ್ದರು. ಮನೆಯ ಹಿಂದೆ ಗುಡ್ಡ ಕಡಿದಾಗ ಉಳಿಯುವ ಎತ್ತರದ ಮಣ್ಣಿನ ಧರೆ, ಅದಕ್ಕೊಂದು ತಡೆಗೋಡೆ. ಅಪ್ಪಯ್ಯನ ನಕ್ಷೆಯ ಗೆರೆಗಳು ಎಂದಿನಂತೆ ಚೊಕ್ಕವಾಗಿದ್ದವು. ಆದರೆ ಗೋಡೆಯಲ್ಲಿ ನೀರು ಹೊರಬರಲು ಒಂದು ತೂತೂ ಇರಲಿಲ್ಲ. ಮಳೆಗಾಲದಲ್ಲಿ ಹಿಂದೆ ತುಂಬಿಕೊಂಡ ನೀರೇ ಗೋಡೆಯನ್ನು ಕೆಡವುತ್ತದೆ ಎಂದು ನನಗೆ ಮೊದಲು ಹೇಳಿಕೊಟ್ಟವರು ಇದೇ ಅಪ್ಪಯ್ಯ. ಆ ಗೋಡೆಗೆ ತಾಗಿಯೇ ಮಕ್ಕಳು ಮಲಗುವ ಕೋಣೆ.

ಅಪ್ಪಯ್ಯ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದಾಗಿತ್ತು. ಬನವಾಸಿಯವರು ಎದುರಿಗೇ ಕುಳಿತಿದ್ದರು; ಪರರ ಮುಂದೆ ತಪ್ಪು ಎಂದು ಹೇಗೆ ಹೇಳುವುದು?

"ಅಪ್ಪಯ್ಯ, ಧರೆ ನೀರು ಎಲ್ಲಿಂದ ಹೊರಗೆ ಹೋಗ್ತು?" ಎಂದೆ.

ಅವರು ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಮಗಳಾಗಿ ಕೇಳ್ತ್ಯ, ಇಂಜಿನಿಯರಾಗಿ ಕೇಳ್ತ್ಯ?"

"ಇಂಜಿನಿಯರಾಗಿ."

"ಹಂಗಾರೆ ಆನು ಸಹಿ ಹಾಕ್ಲಾಗ," ಎಂದು ಪೆನ್ನಿನ ಮುಚ್ಚಳ ಹಾಕಿದರು.

ಬನವಾಸಿಯವರಿಗೆ ಗಾಬರಿ. "ನಿಮ್ಮ ಲೈಸೆನ್ಸ್ ಇನ್ನೂ ಐತಲ್ರೀ ಸಾಹೇಬ್ರ? ನಿಮ್ಮ ಸಹಿ ಇದ್ರ ನಮಗ ಧೈರ್ಯರೀ."

"ಲೈಸೆನ್ಸು ಇದೆ ಮಾರಾಯ. ತಲೆ ಮೊದಲಿನ ಹಾಗಿಲ್ಲ," ಎಂದರು ಅಪ್ಪಯ್ಯ, ಮಳೆ ನಿಂತಿದೆ ಎನ್ನುವಷ್ಟು ಸಾದಾ ದನಿಯಲ್ಲಿ.

ಅವರು ನನ್ನ ಮೇಲೆ ರೇಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹೆಮ್ಮೆಯೂ ದುಃಖವೂ ಒಟ್ಟಿಗೇ ಆದವು. ಅದನ್ನು ಮುಚ್ಚಿಕೊಳ್ಳಲು ನಕ್ಷೆಯನ್ನು ನನ್ನ ಕಡೆ ಎಳೆದುಕೊಂಡೆ. ಗೋಡೆಯ ಬುಡದಲ್ಲಿ, ನಡುವಿನಲ್ಲಿ ತೂತುಗಳನ್ನು ಗುರುತಿಸಿ, ಹಿಂದೆ ಜಲ್ಲಿ ತುಂಬಬೇಕೆಂದು ಬರೆದೆ. ಬನವಾಸಿಯವರು ಅರೆಮನಸ್ಸಿನಿಂದ ತಲೆ ಆಡಿಸಿದರು. ಕೊನೆಗೂ ನನ್ನ ಸರದಿ ಬಂತು ಎಂಬ ಸಣ್ಣ ಖುಷಿಯೂ ಇತ್ತು, ಸುಳ್ಳೇಕೆ ಹೇಳಲಿ. ಸಹಿ ಹಾಕಲು ಬಗ್ಗಿದೆ.

ಅಪ್ಪಯ್ಯ ನಕ್ಷೆಯ ಮೇಲೆ ಅಂಗೈ ಇಟ್ಟರು.

"ಗುಡ್ಡದ ಜಾಗ ಹೋಗಿ ನೋಡಿದ್ಯನೇ ಕೂಸೇ?"

ನಾನು ನೋಡಿರಲಿಲ್ಲ.